ಮುನೆನೋರಿ ಕವಾಸಾಕಿ: ನಗಿಸಲು ಬಂದವನಾ, ಆಡಲು ಬಂದವನಾ?

ಹೊಸಬ_ಹಾಸನ:
ಎಲ್ಲರಿಗೂ ನಮಸ್ಕಾರ. ನಾನು ಬೇಸ್‌ಬಾಲ್ ನೋಡಲು ಶುರು ಮಾಡಿ ಎರಡು ವರ್ಷ ಆಯಿತು ಅಷ್ಟೆ. ಅದೂ ಒಹ್ತಾನಿಯಿಂದಾಗಿ. ಮೊನ್ನೆ ರಾತ್ರಿ ನಿದ್ದೆ ಬರದೆ ಫೋನ್ ಹಿಡಿದು ಕೂತಿದ್ದಾಗ ಒಂದು ಹಳೆಯ ವಿಡಿಯೋ ಬಂತು. ಜಪಾನಿನ ಒಬ್ಬ ಆಟಗಾರ, ಹೆಸರು ಮುನೆನೋರಿ ಕವಾಸಾಕಿ. ಪಂದ್ಯ ಗೆಲ್ಲಿಸಿ ಬಂದು ಮೈಕ್ ಮುಂದೆ ನಿಂತಿದ್ದಾನೆ. ಅರ್ಧಂಬರ್ಧ ಇಂಗ್ಲಿಷ್‌ನಲ್ಲಿ ತನ್ನ ಹೆಸರು ಹೇಳಿ, ಜಪಾನಿನಿಂದ ಬಂದೆ ಅಂತ ಹೇಳಿ, ಕೊನೆಗೆ "ನಾನು ಜಪಾನೀಸ್" ಅಂತ ಗಂಟಲು ಹರಿಯುವ ಹಾಗೆ ಕಿರುಚುತ್ತಾನೆ. ಪಕ್ಕದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದಾರೆ. ಅಲ್ಲಿಂದ ಒಂದರ ಹಿಂದೆ ಒಂದು ಹತ್ತು ವಿಡಿಯೋ ನೋಡಿದೆ. ಕುಣಿತ, ಬಾಗಿ ನಮಸ್ಕಾರ, ಬಾಳೆಹಣ್ಣಿನ ಭಾಷಣ, ಇಷ್ಟೇ.

ಆಮೇಲೆ ಅಂಕಿಅಂಶ ನೋಡಿದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ 5 ವರ್ಷ, 276 ಪಂದ್ಯ, ಸರಾಸರಿ .237, ಹೋಮ್ ರನ್ ಒಂದೇ ಒಂದು. ನನ್ನ ಪ್ರಶ್ನೆ ಸರಳ. ಇವನನ್ನು ತಂಡಗಳು ಇಟ್ಟುಕೊಂಡಿದ್ದು ಆಟಕ್ಕಾ, ಸುಮ್ನೆ ಮನರಂಜನೆಗಾ? ಬೇಜಾರು ಮಾಡಿಕೊಳ್ಳಬೇಡಿ, ಗೊತ್ತಿಲ್ಲದೆ ಕೇಳುತ್ತಿದ್ದೇನೆ.

ಲೆಕ್ಕದ_ಮಾಸ್ತರ್:
ಬೇಜಾರು ಯಾಕೆ, ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಅಂಕಿ ಅಂಕಿಯೇ. 2012ರಲ್ಲಿ ಸಿಯಾಟಲ್‌ಗೆ 61 ಪಂದ್ಯ, ಸರಾಸರಿ .192. ಅಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ಎರಡು ಸಲವೂ ಸರಿಯಾಗಿ ಹಿಟ್ ಇಲ್ಲ. 2013ರಲ್ಲಿ ಟೊರೊಂಟೊಗೆ 96 ಪಂದ್ಯ, .229. ಮರುವರ್ಷ 82 ಪಂದ್ಯ, .258, ಅದೇ ಅವನ ಒಳ್ಳೆಯ ವರ್ಷ. 2015ರಲ್ಲಿ 23 ಪಂದ್ಯ, 2016ರಲ್ಲಿ ಶಿಕಾಗೊ ಕಬ್ಸ್‌ಗೆ 14. ಇದನ್ನು ಇಟ್ಟುಕೊಂಡು ದೊಡ್ಡ ಆಟಗಾರ ಅಂತ ಯಾರಾದರೂ ವಾದಿಸಿದರೆ ನಾನು ಒಪ್ಪುವುದಿಲ್ಲ. ಪ್ರೀತಿ ಬೇರೆ, ಲೆಕ್ಕ ಬೇರೆ.

ಫುಕುವೋಕಾ_ಫಣಿ:
ಮಾಸ್ತರೇ, ಲೆಕ್ಕ ಸರಿ. ಆದರೆ ಪುಸ್ತಕವನ್ನು ಮಧ್ಯದಿಂದ ತೆಗೆದಿದ್ದೀರಿ. ಅವನು ಸಿಯಾಟಲ್‌ಗೆ ಹೋದಾಗ ಮೂವತ್ತೊಂದಕ್ಕೆ ಕಾಲಿಡುತ್ತಿದ್ದ. ಅದಕ್ಕೆ ಮುಂಚೆ ಇಲ್ಲಿ ಏನಾಗಿತ್ತು ಅಂತ ಸ್ವಲ್ಪ ಹೇಳುತ್ತೇನೆ, ಉದ್ದ ಆದರೆ ಕ್ಷಮಿಸಿ. ನಾನು ಕೆಲಸಕ್ಕೆ ಅಂತ ಫುಕುವೋಕಾಕ್ಕೆ ಬಂದು ಬಹಳ ವರ್ಷ ಆಯಿತು. ಈ ಊರಿನಲ್ಲಿ ಹಾಕ್ಸ್ ತಂಡದ ಬಗ್ಗೆ ಹಗುರವಾಗಿ ಮಾತಾಡಿದರೆ ಕ್ಷೌರದಂಗಡಿಯವನೂ ಕತ್ತರಿ ಕೆಳಗಿಡುತ್ತಾನೆ.

ಕವಾಸಾಕಿ ಹುಟ್ಟಿದ್ದು 1981ರ ಜೂನ್ 3ರಂದು, ಕಾಗೊಷಿಮಾ ಸೀಮೆಯಲ್ಲಿ. ಜಪಾನಿನ ದಕ್ಷಿಣದ ತುದಿ, ಹೊಗೆ ಉಗುಳುವ ಜ್ವಾಲಾಮುಖಿ ಇರುವ ಜಾಗ. ಓದಿದ್ದು ಕಾಗೊಷಿಮಾ ಟೆಕ್ನಿಕಲ್ ಹೈಸ್ಕೂಲ್. ಜಪಾನಿನಲ್ಲಿ ಬೇಸಿಗೆಯ ಕೊಶಿಯೆನ್ ಟೂರ್ನಿಯಲ್ಲಿ ಮಿಂಚಿದ ಹುಡುಗರಿಗೆ ಇಡೀ ದೇಶ ಹುಚ್ಚಾಗುತ್ತದೆ. ಇವನು ಆ ಬಗೆಯ ಹೀರೋ ಅಲ್ಲ. 1999ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯ ಪ್ರಕಾರ ಹೊಸ ಹುಡುಗರನ್ನು ಆರಿಸುವ ದಿನ) ಫುಕುವೋಕಾ ಡೈಯೆ ಹಾಕ್ಸ್ ಇವನನ್ನು ನಾಲ್ಕನೇ ಸುತ್ತಿನಲ್ಲಿ ತೆಗೆದುಕೊಂಡಿತು. ಆಗ ತಂಡದ ಒಡೆಯರು ಡೈಯೆ ಅನ್ನುವ ಸೂಪರ್‌ಮಾರ್ಕೆಟ್ ಕಂಪನಿ. ಮ್ಯಾನೇಜರ್ ಯಾರು ಗೊತ್ತಾ? ಸದಾಹರು ಓ. 868 ಹೋಮ್ ರನ್ ಹೊಡೆದ ಓ. ಅಂಥವರ ಕೈಕೆಳಗೆ ಹದಿನೆಂಟರ ಹುಡುಗ.

ಜಾಗ ಸಿಕ್ಕಿದ್ದು ಹೇಗೆ ಅಂದರೆ, ಇನ್ನೊಬ್ಬರ ಮೊಣಕಾಲು ಮುರಿದಿದ್ದರಿಂದ. 2003ರ ಸೀಸನ್‌ಗೆ ಮುಂಚೆ ಮೂರನೇ ಬೇಸ್‌ನ ದೊಡ್ಡ ಆಟಗಾರ ಹಿರೊಕಿ ಕೊಕುಬೊ ಮೊಣಕಾಲು ಪೆಟ್ಟಾಗಿ ಇಡೀ ವರ್ಷ ಹೊರಗೆ ಕೂತ. ಆ ಖಾಲಿ ಜಾಗಕ್ಕೆ ಕವಾಸಾಕಿ ಬಂದ. ಆ ವರ್ಷದ ಹಾಕ್ಸ್ ತಂಡದ ಸರಾಸರಿ .297, ಜಪಾನಿನ ದಾಖಲೆ. ಇಗುಚಿ, ಮತ್ಸುನಾಕ, ಜೊಜಿಮಾ, ವಾಲ್ಡೆಸ್, ನಾಲ್ಕು ಜನ ತಲಾ ನೂರಕ್ಕೂ ಜಾಸ್ತಿ ರನ್ ತಂದ ತಂಡ. ಜಪಾನ್ ಸೀರೀಸ್‌ನಲ್ಲಿ, ಅಂದರೆ ಅಲ್ಲಿನ ಫೈನಲ್‌ನಲ್ಲಿ, ಹಾನ್‌ಶಿನ್ ಟೈಗರ್ಸ್ ಅನ್ನು 4-3ರಿಂದ ಸೋಲಿಸಿದರು. ಆ ಆನೆಗಳ ಮಧ್ಯೆ ಇವನು ಅಳಿಲಿನ ಹಾಗೆ ಓಡುತ್ತಿದ್ದ.

ಮರುವರ್ಷ, 2004ರಲ್ಲಿ, ಶಾರ್ಟ್‌ಸ್ಟಾಪ್ ಜಾಗವೇ ಇವನದಾಯಿತು. ಆ ವರ್ಷ 171 ಹಿಟ್, ಜಪಾನಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ಪೆಸಿಫಿಕ್ ಲೀಗ್‌ನಲ್ಲಿ ಮತ್ಸುನಾಕ ಜೊತೆ ಜಂಟಿ ಮೊದಲ ಸ್ಥಾನ. 42 ಬೇಸ್ ಕದ್ದ (ಬಾಲ್ ಎಸೆಯುವವನ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದು), ಅದರಲ್ಲೂ ಮೊದಲು. ವರ್ಷದ ಶ್ರೇಷ್ಠ ಒಂಬತ್ತು ಜನಕ್ಕೆ ಕೊಡುವ ಬೆಸ್ಟ್ ನೈನ್, ಫೀಲ್ಡಿಂಗ್‌ಗೆ ಕೊಡುವ ಗೋಲ್ಡನ್ ಗ್ಲೋವ್, ಎರಡೂ ಪ್ರಶಸ್ತಿ ಬಂದವು. 2006ರಲ್ಲಿ ಮತ್ತೆ ಎರಡೂ. 2010ರಲ್ಲಿ 190 ಹಿಟ್, ಸರಾಸರಿ .316. ಈಗ ಹೇಳಿ ಮಾಸ್ತರೇ, ಇದು ಕೋಡಂಗಿಯ ಅಂಕಿಯಾ?

ಲೆಕ್ಕದ_ಮಾಸ್ತರ್:
ಒಪ್ಪಿದೆ. ಜಪಾನಿನ ಅಂಕಿ ಚೆನ್ನಾಗಿದೆ. ಆದರೆ ಪ್ರಶ್ನೆ ಅಮೆರಿಕದ್ದು ಅಲ್ವಾ?

ಹೊಸಬ_ಹಾಸನ:
ಮಧ್ಯದಲ್ಲಿ ಬಾಯಿ ಹಾಕುತ್ತೇನೆ. ಈ ಶಾರ್ಟ್‌ಸ್ಟಾಪ್ ಅನ್ನುವುದು ಇಷ್ಟು ದೊಡ್ಡ ವಿಷಯ ಯಾಕೆ? ನಮ್ಮ ಕ್ರಿಕೆಟ್‌ನಲ್ಲಿ ಪಾಯಿಂಟ್‌ನಲ್ಲಿ ನಿಂತ ಹಾಗೇ ಅಂದುಕೊಂಡಿದ್ದೆ.

ಮಿಸ್ಸಿಸಾಗಾ_ಮಂಜ:
ಎರಡನೇ ಬೇಸ್‌ಗೂ ಮೂರನೇ ಬೇಸ್‌ಗೂ ನಡುವೆ ನಿಲ್ಲುವವನು. ಪಾಯಿಂಟ್ ತರಹವೇ, ಆದರೆ ತಪ್ಪಿದರೆ ಒಂದು ರನ್ ಅಲ್ಲ, ಇಡೀ ಔಟ್ ಹೋಗುತ್ತದೆ. ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್‌ಗೆ ಓಡುವ ಹಂಗಿಲ್ಲ, ಬೇಡ ಅನಿಸಿದರೆ ನಿಂತುಬಿಡಬಹುದು. ಇಲ್ಲಿ ಬಾಲ್ ಮೈದಾನದೊಳಗೆ ತಾಗಿದರೆ ಓಡಲೇಬೇಕು. ಮೊದಲ ಬೇಸ್ 90 ಅಡಿ ದೂರ, ಚುರುಕಾದ ಓಟಗಾರನಿಗೆ ನಾಲ್ಕು ಸೆಕೆಂಡ್ ಚಿಲ್ಲರೆ. ಅಷ್ಟರೊಳಗೆ ಶಾರ್ಟ್‌ಸ್ಟಾಪ್ ಆದವನು ಎಡಕ್ಕೋ ಬಲಕ್ಕೋ ಓಡಬೇಕು, ನೆಲಕ್ಕೆ ತಾಗಿ ಪುಟಿಯುವ ಬಾಲನ್ನು ಹಿಡಿಯಬೇಕು, ಗ್ಲೋವ್‌ನಿಂದ ಬರಿಗೈಗೆ ತೆಗೆದುಕೊಳ್ಳಬೇಕು, ಅಡ್ಡಡ್ಡ ಎಸೆಯಬೇಕು. ಅವನ ಬಲಗಡೆಗೆ, ಮೂರನೇ ಬೇಸ್ ಕಡೆಗೆ ಬಾಲ್ ಹೋದರೆ ಎಸೆತ ಇನ್ನೂ ಉದ್ದ. ಬಾಲ್ ಒಂದು ಸಲ ಗ್ಲೋವ್‌ನಲ್ಲಿ ತಡಕಾಡಿದರೆ ಮುಗಿಯಿತು.

ಇನ್ನು ಡಬಲ್ ಪ್ಲೇ, ಒಂದೇ ಬಾಲ್‌ಗೆ ಇಬ್ಬರು ಔಟ್. ಎರಡನೇ ಬೇಸ್ ತುಳಿದು, ಕಾಲ ಬಳಿ ಜಾರಿ ಬರುವವನಿಂದ ತಪ್ಪಿಸಿಕೊಂಡು, ಗಾಳಿಯಲ್ಲೇ ತಿರುಗಿ ಮೊದಲ ಬೇಸ್‌ಗೆ ಎಸೆಯಬೇಕು. ಇದನ್ನು ದಿನಾ ಮಾಡಬೇಕು, ವರ್ಷಕ್ಕೆ ನೂರೈವತ್ತು ಪಂದ್ಯ.

ಫುಕುವೋಕಾ_ಫಣಿ:
ಮಂಜ ಹೇಳಿದ ಈ ಕೊನೆಯ ಮಾತೇ ಜಪಾನಿನ ಇನ್‌ಫೀಲ್ಡರ್‌ಗಳಿಗೆ (ಬೇಸ್‌ಗಳ ಹತ್ತಿರ ನಿಲ್ಲುವ ಫೀಲ್ಡರ್‌ಗಳಿಗೆ) ಅಮೆರಿಕದಲ್ಲಿ ಮುಳುವಾಗಿದ್ದು. ಇಲ್ಲಿ ಹೆಚ್ಚಿನ ಮೈದಾನಗಳಲ್ಲಿ ಇನ್‌ಫೀಲ್ಡ್ ಅಂದರೆ ಕೃತಕ ಹುಲ್ಲು, ಇಲ್ಲದಿದ್ದರೆ ಬರೀ ಮಣ್ಣು. ಬಾಲ್ ಹೇಗೆ ಬರುತ್ತದೆ ಅಂತ ಮೊದಲೇ ತಿಳಿಯುತ್ತದೆ. ಕಾಯ್ದು, ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಬಾಲನ್ನು ಎದೆ ಮುಂದೆ ತಂದುಕೊಂಡು ಹಿಡಿಯಬೇಕು ಅಂತ ಶಾಲೆಯಿಂದಲೇ ತಿದ್ದುತ್ತಾರೆ. ಅಮೆರಿಕದ ನಿಜವಾದ ಹುಲ್ಲಿನ ಮೇಲೆ ಬಾಲ್ ನಿಧಾನ ಆಗುತ್ತದೆ, ಆದ್ದರಿಂದ ಮುಂದೆ ನುಗ್ಗಿ, ಒಂದೇ ಕೈಯಲ್ಲಿ ಎತ್ತಿ, ಓಡುತ್ತಲೇ ಎಸೆಯಬೇಕು. ಅಭ್ಯಾಸ ಬಿಡುವುದು ಸುಲಭ ಅಲ್ಲ. ಇದರ ಮೇಲೆ ಎರಡನೇ ಬೇಸ್‌ನಲ್ಲಿ ಕಾಲಿಗೇ ಗುರಿಯಿಟ್ಟು ಜಾರುವವರು ಬೇರೆ. ಟ್ಸುಯೊಷಿ ನಿಶಿಯೋಕಾ ಕತೆ ಗೊತ್ತಲ್ಲ? 2010ರಲ್ಲಿ ಚಿಬಾ ತಂಡಕ್ಕೆ 206 ಹಿಟ್ ಹೊಡೆದು ಮಿನೆಸೋಟಾಗೆ ಹೋದ. 2011ರ ಏಪ್ರಿಲ್‌ನಲ್ಲಿ, ಸೀಸನ್‌ನ ಮೊದಲ ವಾರದಲ್ಲೇ, ಯಾಂಕೀಸ್‌ನ ನಿಕ್ ಸ್ವಿಷರ್ ಜಾರಿ ಬಂದಾಗ ಕಾಲಿನ ಮೂಳೆ ಮುರಿಯಿತು. ಮತ್ತೆ ಮೇಲೇಳಲೇ ಇಲ್ಲ. ಇಂಥ ಜಾರಾಟಕ್ಕೆ ಕಡಿವಾಣ ಹಾಕುವ ನಿಯಮ ಬಂದಿದ್ದು 2016ರಲ್ಲಿ.

ಲೆಕ್ಕದ_ಮಾಸ್ತರ್:
ಇದೊಂದು ಒಳ್ಳೆ ಮಾತು. ಬಾಲ್ ಎಸೆಯುವ ಪಿಚರ್‌ಗಳು, ದೂರದಲ್ಲಿ ನಿಲ್ಲುವ ಔಟ್‌ಫೀಲ್ಡರ್‌ಗಳು ಜಪಾನಿನಿಂದ ಹೋಗಿ ಗೆದ್ದಷ್ಟು ಇನ್‌ಫೀಲ್ಡರ್‌ಗಳು ಗೆಲ್ಲಲಿಲ್ಲ. ಕಾಜುವೊ ಮತ್ಸುಯಿ 2004ರಲ್ಲಿ ಮೆಟ್ಸ್‌ಗೆ ಶಾರ್ಟ್‌ಸ್ಟಾಪ್ ಆಗಿ ಬಂದ, ತನ್ನ ಮೊದಲ ಪಂದ್ಯದ ಮೊದಲ ಪಿಚ್‌ಗೇ (ಪಿಚರ್‌ನ ಎಸೆತಕ್ಕೆ ಇಲ್ಲಿ ಪಿಚ್ ಅಂತಾರೆ) ಹೋಮ್ ರನ್ ಹೊಡೆದ, ಕೊನೆಗೆ ಎರಡನೇ ಬೇಸ್‌ಗೆ ಸರಿಯಬೇಕಾಯಿತು. ಹಾಕ್ಸ್‌ನ ಇಗುಚಿ ಒಬ್ಬ ಪರವಾಗಿಲ್ಲ, ಎರಡನೇ ಬೇಸ್‌ಗೇ ಅಂತ ಹೋಗಿ 2005ರಲ್ಲಿ ವೈಟ್ ಸಾಕ್ಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದ. ಅಂದರೆ ಕವಾಸಾಕಿ ಸೋತಿದ್ದು ಒಬ್ಬನೇ ಅಲ್ಲ ಅಂತ ಒಪ್ಪುತ್ತೇನೆ.

ಹಳೇ_ಹುಲಿ:
ಯಾರೂ 2006ರ ಕೈ ಬಗ್ಗೆ ಹೇಳಲೇ ಇಲ್ಲವಲ್ಲಾ! ಅದನ್ನು ಬಿಟ್ಟು ಇವನ ಕತೆ ಹೇಳುವುದು ಅಂದರೆ ಒಗ್ಗರಣೆ ಇಲ್ಲದ ಸಾರು.

ಮೊದಲ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್, ದೇಶ ದೇಶಗಳ ತಂಡಗಳ ಟೂರ್ನಿ. ಫೈನಲ್ 2006ರ ಮಾರ್ಚ್ 20, ಸ್ಯಾನ್ ಡಿಯೇಗೊ. ಜಪಾನ್, ಕ್ಯೂಬಾ. ಜಪಾನಿನ ಮ್ಯಾನೇಜರ್ ಮತ್ತೆ ಅದೇ ಓ. ಶಾರ್ಟ್‌ಸ್ಟಾಪ್ ಕವಾಸಾಕಿ, ಎರಡನೇ ಬೇಸ್‌ನಲ್ಲಿ ಈಗ ಫಣಿ ಹೇಳಿದ ಅದೇ ನಿಶಿಯೋಕಾ. ಇಬ್ಬರೂ ಹುಡುಗರು. ಜಪಾನ್ ಆರಾಮಾಗಿ ಮುಂದಿತ್ತು, 8ನೇ ಇನ್ನಿಂಗ್ಸ್‌ನಲ್ಲಿ ಕ್ಯೂಬಾದ ಸೆಪೆಡಾ ಎರಡು ರನ್‌ನ ಹೋಮ್ ರನ್ ಹೊಡೆದು 6-5 ಮಾಡಿಬಿಟ್ಟ. ಒಂದೇ ರನ್ ಅಂತರ. ಎದೆ ಡವಡವ.

9ನೇ ಇನ್ನಿಂಗ್ಸ್. ಕವಾಸಾಕಿ ಎರಡನೇ ಬೇಸ್‌ನಲ್ಲಿ. ಜಪಾನಿನ ದೊಡ್ಡ ತಾರೆ ಇಚಿರೊ ಬಲಗಡೆಗೆ ಹಿಟ್ ಹೊಡೆದ. ಕವಾಸಾಕಿ ಮೂರನೇ ಬೇಸ್ ಸುತ್ತಿಕೊಂಡು, ಮುಟ್ಟಿದರೆ ರನ್ ಆಗುವ ಹೋಮ್ ಪ್ಲೇಟ್ ಕಡೆಗೆ ಹೊರಟ. ಬಲಗಡೆಯಿಂದ ಎಸೆತ ಬರುತ್ತಿದೆ. ಕ್ಯೂಬಾದ ಕ್ಯಾಚರ್ ಪೆಸ್ಟಾನೊ ಬಾಗಿಲಿಗೆ ಅಡ್ಡ ಕೂತ ಹಾಗೆ ಪ್ಲೇಟ್‌ಗೆ ಅಡ್ಡವಾಗಿ ಕಾಲಿಟ್ಟು ಕೂತಿದ್ದಾನೆ. ಹೋಗಲು ದಾರಿಯೇ ಇಲ್ಲ. ಕವಾಸಾಕಿ ಜಾರಿದ, ಕ್ಯಾಚರ್‌ನ ಕಾಲಿನ ಸಂದಿಯಲ್ಲಿ ಬಲಗೈ ತೂರಿಸಿ ಪ್ಲೇಟ್ ಮುಟ್ಟಿದ. ಸೇಫ್. 7-5. ಅದಾದ ಮೇಲೆ ಕಟ್ಟೆ ಒಡೆದ ಹಾಗೆ ರನ್ ಬಂದವು, ಪಂದ್ಯ 10-6ಕ್ಕೆ ಮುಗಿಯಿತು, ಜಪಾನ್ ಮೊದಲ ಚಾಂಪಿಯನ್. ಜಪಾನಿನಲ್ಲಿ ಇವತ್ತಿಗೂ ಅದಕ್ಕೆ "ಕಾಮಿ ನೊ ಮಿಗಿತೆ" ಅಂತಾರೆ. ದೇವರ ಬಲಗೈ.

ಫುಕುವೋಕಾ_ಫಣಿ:
ಆ ದೇವರ ಬಲಗೈಗೆ ಪೆಟ್ಟೂ ಆಯಿತು. ಅದೇ ಜಾರಾಟದಲ್ಲಿ ಬಲ ಮೊಣಕೈ ಕೆಟ್ಟು ಸೀಸನ್ ಶುರುವಿಗೆ ಆಡಲು ಆಗಲಿಲ್ಲ. ತಡವಾಗಿ ಬಂದರೂ ಆ ವರ್ಷ ಬೆಸ್ಟ್ ನೈನ್ ಅವನೇ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲೂ ಹಾಗೆ, ಎಡಪಾದದ ಮೂಳೆಯಲ್ಲಿ ಬಿರುಕು ಇಟ್ಟುಕೊಂಡೇ ಹೋಗಿದ್ದ. ಜಪಾನ್ ನಾಲ್ಕನೇ ಸ್ಥಾನಕ್ಕೆ ಬಿತ್ತು, ಇವನ ಸೀಸನ್ ಹಾಳಾಯಿತು. ಮರುವರ್ಷದ ಕ್ಲಾಸಿಕ್‌ನಲ್ಲಿ ಹೆಚ್ಚು ಹೊತ್ತು ಬೆಂಚಿನಲ್ಲಿದ್ದ, ಜಪಾನ್ ಮತ್ತೆ ಗೆದ್ದಿತು. ಬೆಂಚಿನಲ್ಲಿ ಕೂತು ಕೂಗಿ ಕೂಗಿ ತಂಡವನ್ನು ಎಬ್ಬಿಸುವ ಕೆಲಸ ಅಲ್ಲೇ ಕಲಿತ ಅಂತ ನನಗೆ ಅನಿಸುತ್ತದೆ. ಟೊರೊಂಟೊದವರು ಅದನ್ನು ಹೊಸದು ಅಂದುಕೊಂಡರು.

ಹೊಸಬ_ಹಾಸನ:
ಹಾಗಾದರೆ ಇಷ್ಟೆಲ್ಲ ಇದ್ದವನು ಅಮೆರಿಕಕ್ಕೆ ಯಾಕೆ ಹೋದ? ದುಡ್ಡಿಗಾ?

ಫುಕುವೋಕಾ_ಫಣಿ:
ದುಡ್ಡಿಗೆ ಆಗಿದ್ದರೆ ಫುಕುವೋಕಾದಲ್ಲೇ ಇರುತ್ತಿದ್ದ. 2011ರಲ್ಲಿ ಹಾಕ್ಸ್ (ಅಷ್ಟರಲ್ಲಿ ಒಡೆಯರು ಸಾಫ್ಟ್‌ಬ್ಯಾಂಕ್) ಚುನಿಚಿಯನ್ನು ಸೋಲಿಸಿ ಚಾಂಪಿಯನ್ ಆಯಿತು. ಇವನ ಸಂಬಳ ವರ್ಷಕ್ಕೆ ಹತ್ತು ಕೋಟಿ ಯೆನ್ ದಾಟಿತ್ತು. ಊರಿನ ದೇವರು. ಅದನ್ನೆಲ್ಲ ಬಿಟ್ಟು ಸಿಯಾಟಲ್ ಮ್ಯಾರಿನರ್ಸ್‌ಗೆ ಮೈನರ್ ಲೀಗ್ ಒಪ್ಪಂದ ಮಾಡಿಕೊಂಡ. ಮೈನರ್ ಲೀಗ್ ಅಂದರೆ ಜಾಗ ಗ್ಯಾರಂಟಿ ಇಲ್ಲ, ಕ್ಯಾಂಪ್‌ಗೆ ಬಾ, ಚೆನ್ನಾಗಿ ಆಡಿದರೆ ನೋಡೋಣ ಅಂತ. ಬೇರೆ ಯಾವ ತಂಡವೂ ಬೇಡ ಅಂದ. ಕಾರಣ ಒಂದೇ, ಅಲ್ಲಿ ಇಚಿರೊ ಇದ್ದ.

ಚಿಕ್ಕಂದಿನಿಂದ ಇವನಿಗೆ ಇಚಿರೊ ಹುಚ್ಚು. ಇಚಿರೊ ಹಾಗೆಯೇ ಬಲಗೈಯಲ್ಲಿ ಎಸೆತ, ಎಡಗೈ ಬ್ಯಾಟಿಂಗ್. ಇಚಿರೊ ನಂಬರ್ 51, ಹಾಕ್ಸ್‌ನಲ್ಲಿ ಇವನದು 52. ಮೂವತ್ತು ವರ್ಷದ ಮನುಷ್ಯ, ಎರಡು ಸಲ ವಿಶ್ವ ಚಾಂಪಿಯನ್, ಸಂಬಳ ಬಿಟ್ಟು, ತನ್ನ ಹೀರೋ ಪಕ್ಕದ ಲಾಕರ್ ಬೇಕು ಅಂತ ಹೋದ. ಹುಚ್ಚು ಅನ್ನಿ, ಪ್ರೀತಿ ಅನ್ನಿ.

ಲೆಕ್ಕದ_ಮಾಸ್ತರ್:
ಹುಚ್ಚು ಅಂತಲೇ ಅನ್ನುತ್ತೇನೆ.

ಫುಕುವೋಕಾ_ಫಣಿ:
ಇರಲಿ ಬಿಡಿ. ಕೇಳಿ, ಅದು ಎಷ್ಟು ದಿನ ನಡೆಯಿತು ಅಂತ. ಕ್ಯಾಂಪ್‌ನಲ್ಲಿ ಚೆನ್ನಾಗಿ ಆಡಿ ತಂಡಕ್ಕೆ ಆಯ್ಕೆಯಾದ. ಏಪ್ರಿಲ್, ಮೇ, ಜೂನ್, ಜುಲೈ. 2012ರ ಜುಲೈ 23ರಂದು ಮ್ಯಾರಿನರ್ಸ್ ಇಚಿರೊನನ್ನು ಯಾಂಕೀಸ್‌ಗೆ ಕೊಟ್ಟುಬಿಟ್ಟಿತು. ಅವತ್ತು ಸಿಯಾಟಲ್‌ನಲ್ಲಿ ಆಡಲು ಬಂದಿದ್ದ ಎದುರಾಳಿ ಯಾರು? ಅದೇ ಯಾಂಕೀಸ್. ಇಚಿರೊ ಸಾಮಾನು ಎತ್ತಿಕೊಂಡು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಿ, ಅದೇ ಮೈದಾನದಲ್ಲಿ ಅದೇ ರಾತ್ರಿ ಎದುರು ತಂಡದ ಬಟ್ಟೆ ಹಾಕಿಕೊಂಡು ಆಡಿದ. ಕವಾಸಾಕಿ ಈ ಕಡೆ. ನಾಲ್ಕು ತಿಂಗಳೂ ಆಗಿರಲಿಲ್ಲ. ಸೀಸನ್ ಮುಗಿದ ಮೇಲೆ ಮ್ಯಾರಿನರ್ಸ್ ಇವನನ್ನು ಬಿಟ್ಟುಕೊಟ್ಟಿತು. ಇನ್ನು ಫುಕುವೋಕಾಕ್ಕೆ ವಾಪಸ್ ಬರುತ್ತಾನೆ ಅಂತ ನಮ್ಮ ಊರಿನವರೆಲ್ಲ ಕಾದಿದ್ದೇ ಕಾದಿದ್ದು. ಬರಲಿಲ್ಲ.

ಮಿಸ್ಸಿಸಾಗಾ_ಮಂಜ:
ಬರಲಿಲ್ಲ, ಯಾಕೆಂದರೆ ನಮ್ಮ ಕಡೆ ಬಂದ! ಇನ್ನು ನನ್ನ ಸರದಿ.

2013ರ ಟೊರೊಂಟೊ ಹೇಗಿತ್ತು ಅಂತ ಮೊದಲು ಹೇಳಬೇಕು. ಆ ಚಳಿಗಾಲದಲ್ಲಿ ಬ್ಲೂ ಜೇಸ್ ತಂಡ ಮಯಾಮಿಯಿಂದ ಹೊಸೆ ರೇಯೆಸ್ ಸೇರಿದಂತೆ ದೊಡ್ಡ ದೊಡ್ಡ ಹೆಸರುಗಳನ್ನು ಎತ್ತಿಕೊಂಡು ಬಂದಿತ್ತು. ನ್ಯೂಯಾರ್ಕ್‌ನಿಂದ ಪಿಚರ್ ಡಿಕಿ. 1993ರ ನಂತರ ಒಂದು ಸಲವೂ ಪ್ಲೇಆಫ್ ಕಾಣದ ಊರು, ಈ ಸಲ ಕಪ್ ನಮ್ಮದೇ ಅಂತ ಕುಣಿಯುತ್ತಿತ್ತು. (ಹೌದು, ಬೆಂಗಳೂರಿನವರಿಗೆ ಈ ಮಾತು ಎಲ್ಲೋ ಕೇಳಿದ ಹಾಗಿರುತ್ತದೆ.) ಏಪ್ರಿಲ್ 12ರಂದು ಕ್ಯಾನ್ಸಸ್ ಸಿಟಿಯಲ್ಲಿ ರೇಯೆಸ್ ಬೇಸ್ ಕದಿಯಲು ಜಾರಿ ಕಣಕಾಲು ತಿರುಚಿಕೊಂಡ. ಮೈದಾನದಲ್ಲೇ ಅತ್ತ. ಅವನ ಜಾಗಕ್ಕೆ ಬಫಲೋದಿಂದ, ಅಂದರೆ ನಮ್ಮ ಕೆಳಗಿನ ಮೈನರ್ ಲೀಗ್ ತಂಡದಿಂದ, ಒಬ್ಬನನ್ನು ಕರೆಸಿದರು. ಹೆಸರು ಕವಾಸಾಕಿ. ನಾವೆಲ್ಲ ಬೈಕಾ ಅಂತ ಕೇಳಿದೆವು.

ನಾನು ಆಗ ಕೆನಡಾಕ್ಕೆ ಬಂದು ಒಂದೂವರೆ ವರ್ಷ. ಒಂದು ಕಂಪನಿಯಲ್ಲಿ ಕಾಂಟ್ರಾಕ್ಟ್ ಕೆಲಸ, ಮೂರು ಮೂರು ತಿಂಗಳಿಗೆ ಮುಂದುವರಿಸುತ್ತಾರೋ ಇಲ್ಲವೋ ಅಂತ ಶುಕ್ರವಾರ ಸಂಜೆ ಮೇಲ್ ಬರುತ್ತಿತ್ತು. ಹಾಗಾಗಿ ಈ ಮನುಷ್ಯನ ಮೇಲೆ ಕಣ್ಣು ಬಿತ್ತು. ಇವನೂ ಅದೇ ಗಿರಾಕಿ. ಯಾರಿಗೋ ಗಾಯ ಆದರೆ ಮೇಲೆ, ಅವರು ವಾಸಿಯಾದರೆ ಕೆಳಗೆ. ರೇಯೆಸ್ ಜೂನ್ ಕೊನೆಯಲ್ಲಿ ವಾಪಸ್ ಬಂದಾಗ ಇವನನ್ನು ಬಫಲೋಗೆ ಕಳಿಸಿದರು. ನಮ್ಮ ಮನೆಯಲ್ಲಿ "ಎಮ್ಮೆ ಕಾಯೋಕೆ ಕಳಿಸಿದರು" ಅಂತ ತಮಾಷೆ, ಅಲ್ಲಿನ ತಂಡದ ಹೆಸರು ಬೇರೆ ಬೈಸನ್ಸ್. ಕೆಲವೇ ದಿನದಲ್ಲಿ ಇನ್ನೊಬ್ಬನಿಗೆ ಪೆಟ್ಟಾಯಿತು, ಮತ್ತೆ ಕರೆಸಿಕೊಂಡರು.

ಮೇ 26ರ ಪಂದ್ಯಕ್ಕೆ ನಾನು ಸ್ಟೇಡಿಯಂನಲ್ಲಿದ್ದೆ. ಮೇಲಿನ ಅಗ್ಗದ ಸೀಟು, ಅಲ್ಲಿಂದ ಆಟಗಾರರು ಕಡಲೆಕಾಳಿನಷ್ಟು ಕಾಣುತ್ತಾರೆ. ಬಾಲ್ಟಿಮೋರ್ ಮುಂದಿತ್ತು, ಅರ್ಧ ಜನ ಎದ್ದು ಹೋಗಿದ್ದರು. 9ನೇ ಇನ್ನಿಂಗ್ಸ್, ಎದುರಿಗೆ ಅವರ ಕ್ಲೋಸರ್ ಜಿಮ್ ಜಾನ್ಸನ್, ಪಂದ್ಯ ಮುಗಿಸುವುದೇ ಅವನ ಕೆಲಸ. ಕವಾಸಾಕಿ ಬ್ಯಾಟಿಂಗ್‌ಗೆ ಬಂದ. ಪ್ರತಿ ಪಿಚ್‌ಗೂ ಮುಂಚೆ ಅವನದೊಂದು ಶಾಸ್ತ್ರ ಇರುತ್ತದೆ, ಬ್ಯಾಟ್ ಎತ್ತುವುದು, ಬಗ್ಗುವುದು, ಮೊಣಕಾಲು ಸಡಿಲ ಮಾಡುವುದು. ಬಾಲ್ ಎಡಗಡೆಯ ಖಾಲಿ ಜಾಗಕ್ಕೆ ಹೋಯಿತು. ಎರಡು ರನ್. 6-5. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಸರ್ದಾರ್ಜಿ ನನ್ನನ್ನು ಎತ್ತಿಬಿಟ್ಟ. ಹೊಸಬ ನೋಡಿದ ವಿಡಿಯೋ ಅವತ್ತಿನದೇ.

ಜೂನ್ 21ರಂದು ಮತ್ತೆ ಬಾಲ್ಟಿಮೋರ್, ಆಗ ಟೊರೊಂಟೊ ಸಾಲಾಗಿ ಗೆಲ್ಲುತ್ತಿದ್ದ ದಿನಗಳು. ಟಾಮಿ ಹಂಟರ್ ಎಸೆತಕ್ಕೆ ಅವನ ಹೋಮ್ ರನ್. ಮೇಜರ್ ಲೀಗ್‌ನಲ್ಲಿ ಅದೊಂದೇ. ಅದೇ ಪಂದ್ಯ ಸಮ ಮಾಡಿದ್ದು! ಅವನೇ ನಂಬದ ಮುಖ ಮಾಡಿಕೊಂಡು ಓಡಿದ. ಇದನ್ನು ಟಿವಿಯಲ್ಲಿ ನೋಡಿದೆ, ಕೈಯಲ್ಲಿದ್ದ ಮಜ್ಜಿಗೆ ಚೆಲ್ಲಿತು.

ಹೊಸಬ_ಹಾಸನ:
ಬಾಳೆಹಣ್ಣು?

ಮಿಸ್ಸಿಸಾಗಾ_ಮಂಜ:
ಸ್ನಾಯು ಹಿಡಿಯಬಾರದು ಅಂದರೆ ಬಾಳೆಹಣ್ಣು ತಿನ್ನಿ, ಕೋತಿಗೆ ಯಾವತ್ತಾದರೂ ಸ್ನಾಯು ಹಿಡಿದಿದ್ದು ನೋಡಿದ್ದೀರಾ ಅಂತ. ವಾದದಲ್ಲಿ ಏನು ತಪ್ಪಿದೆ ಹೇಳಿ. ನಮ್ಮ ಅಜ್ಜಿಯೂ ಇದೇ ಧಾಟಿಯಲ್ಲಿ ಮಾತಾಡುತ್ತಿದ್ದರು.

ಲೆಕ್ಕದ_ಮಾಸ್ತರ್:
ಇಲ್ಲೇ ನನ್ನ ತಕರಾರು. ಎರಡು ಪಂದ್ಯ ಹೇಳಿದಿರಿ, ಉಳಿದ 94? ಆ ವರ್ಷ ಬ್ಲೂ ಜೇಸ್ 74 ಗೆದ್ದು 88 ಸೋತು ತನ್ನ ಗುಂಪಿನಲ್ಲಿ ಕೊನೆಗೆ ಬಿತ್ತು. ನಗಿಸುವವನು ಇದ್ದರೂ ಸೋತರು.

ಮಿಸ್ಸಿಸಾಗಾ_ಮಂಜ:
ಸೋತರು. ಅವನಿಂದ ಸೋತರು ಅಂತ ಹೇಳಬೇಡಿ. ಅವನು ತಂಡದ ಐದನೇ ಆಯ್ಕೆಯ ಇನ್‌ಫೀಲ್ಡರ್, ಮಾಸ್ತರೇ! ಆ ಜಾಗದವನ ಕೆಲಸ ಏನು? ಎರಡನೇ ಬೇಸ್, ಶಾರ್ಟ್‌ಸ್ಟಾಪ್, ಮೂರನೇ ಬೇಸ್, ಎಲ್ಲಿ ಹೇಳಿದರೂ ನಿಲ್ಲಬೇಕು. ಕೆಟ್ಟ ಪಿಚ್ ಬಿಡಬೇಕು, ಪಿಚರ್‌ಗೆ ಸುಸ್ತು ಮಾಡಬೇಕು. ಕೆಳಗೆ ಕಳಿಸಿದರೆ ಮುಖ ಸಿಂಡರಿಸದೆ ಹೋಗಬೇಕು. ಅದನ್ನು ಸರಿಯಾಗಿ ಮಾಡಿದ್ದರಿಂದಲೇ 2014ಕ್ಕೂ 2015ಕ್ಕೂ ಕರೆದರು. ಬರೀ ನಗಿಸುವವನಿಗೆ ಮೂರು ವರ್ಷ ಸಂಬಳ ಕೊಡುವ ದಾನಿಗಳು ಬೇಸ್‌ಬಾಲ್‌ನಲ್ಲಿ ಇಲ್ಲ.

ಹಳೇ_ಹುಲಿ:
ಮಂಜನ ಪಕ್ಷ ನನ್ನದು. ಒಂದು ಸಣ್ಣ ತಿದ್ದುಪಡಿ ಮಾತ್ರ. ನಗೆಯಿಂದ ಅವನಿಗೆ ನಷ್ಟವೂ ಆಯಿತು. ನಮ್ಮ ಹೊಸಬರ ಪ್ರಶ್ನೆಯೇ ಅದಕ್ಕೆ ಸಾಕ್ಷಿ. 42 ಬೇಸ್ ಕದ್ದವನು, ದೇವರ ಬಲಗೈ ಅನಿಸಿಕೊಂಡವನು, ಹತ್ತು ವಿಡಿಯೋದಲ್ಲಿ ಬಾಳೆಹಣ್ಣಿನವನಾಗಿ ಉಳಿದುಬಿಟ್ಟ.

ಲೆಕ್ಕದ_ಮಾಸ್ತರ್:
ಸರಿ, ಐದನೇ ಆಯ್ಕೆ ಅನ್ನುವ ಮಾತಿಗೆ ತಲೆಬಾಗುತ್ತೇನೆ. ಆ ಅಳತೆಯಲ್ಲಿ .258 ಕೆಟ್ಟದ್ದಲ್ಲ. ಕಬ್ಸ್‌ಗೆ 14 ಪಂದ್ಯದಲ್ಲಿ 21 ಸಲಕ್ಕೆ 7 ಹಿಟ್, ಅದೂ ಪರವಾಗಿಲ್ಲ. 2015ರಲ್ಲಿ ಬ್ಲೂ ಜೇಸ್ ಕೊನೆಗೂ ಪ್ಲೇಆಫ್ ಮುಟ್ಟಿದಾಗ ಅವನು ಅಲ್ಲಿದ್ದ, 2016ರಲ್ಲಿ ಕಬ್ಸ್ 108 ವರ್ಷದ ಮೇಲೆ ವರ್ಲ್ಡ್ ಸೀರೀಸ್ ಗೆದ್ದಾಗ ಅಲ್ಲಿದ್ದ. ಎರಡು ಸಲವೂ ಆಡುವ ಪಟ್ಟಿಯಲ್ಲಿ ಹೆಸರಿಲ್ಲ. ಮದುವೆ ಮನೆಯಲ್ಲಿ ಓಡಾಡಿ ಕೆಲಸ ಮಾಡಿ ಊಟಕ್ಕೆ ಕೂರದವನ ಹಾಗೆ.

ಹೊಸಬ_ಹಾಸನ:
ಆಮೇಲೆ ಏನಾದ? ಹುಡುಕಿದರೆ 2018ರಲ್ಲಿ ಬಿಟ್ಟ ಅಂತ ಬರುತ್ತದೆ, ಕಾರಣ ಅರ್ಥ ಆಗಲಿಲ್ಲ.

ಫುಕುವೋಕಾ_ಫಣಿ:
ಇದನ್ನು ಬರೆಯಲು ಸ್ವಲ್ಪ ಕಷ್ಟ ಆಗುತ್ತದೆ.

2017ರ ವಸಂತದಲ್ಲಿ ಕಬ್ಸ್ ಬಿಟ್ಟಿತು, ಅವನು ಫುಕುವೋಕಾಕ್ಕೆ ವಾಪಸ್ ಬಂದ. ಅದೇ 52ನೇ ನಂಬರ್. ಊರಿಗೆ ಹಬ್ಬ. ನನ್ನ ಆಫೀಸಿನ ಗಂಭೀರ ಹಿರಿಯರೊಬ್ಬರು ಮಧ್ಯಾಹ್ನದ ಊಟಕ್ಕೆ 52ರ ಜರ್ಸಿ ಹಾಕಿಕೊಂಡು ಬಂದಿದ್ದರು, ಮೇಲೆ ಕೋಟು. ಆದರೆ 42 ಪಂದ್ಯವಷ್ಟೇ ಆಡಿದ, ಗಾಯಗಳು ಬಿಡಲಿಲ್ಲ. 2018ರ ಮಾರ್ಚ್‌ನಲ್ಲಿ ತಂಡ ಬಿಡುವ ಸುದ್ದಿ ಬಂತು. ಕಾರಣ ಮೊಣಕಾಲಲ್ಲ, ಮೊಣಕೈಯಲ್ಲ. ನರಮಂಡಲದ ಸಮತೋಲ ತಪ್ಪುವ ಕಾಯಿಲೆ. ದೇಹ ಅಲುಗಾಡುವುದನ್ನೇ ನಿರಾಕರಿಸುವ ಹಾಗಾಗಿದೆ, ಬೇಸ್‌ಬಾಲ್‌ನಿಂದ ದೂರ ಇರಬೇಕು ಅನ್ನುವ ಅರ್ಥದಲ್ಲಿ ಹೇಳಿಕೆ ಕೊಟ್ಟಿದ್ದ. ಸನ್ಯಾಸ, ನಿವೃತ್ತಿ ಅನ್ನುವ ಪದ ಬಳಸಲಿಲ್ಲ.

ಟಿವಿ ಮುಂದೆ ಕೂತಿದ್ದೆ. ಐದು ವರ್ಷ ಬೇರೆ ದೇಶದಲ್ಲಿ, ಬಾರದ ಭಾಷೆಯಲ್ಲಿ, ನಾಳೆ ಇರುತ್ತೇನೋ ಇಲ್ಲವೋ ಅಂತ ಗೊತ್ತಿಲ್ಲದೆ, ದಿನಾ ಬೆಳಗ್ಗೆ ಎಲ್ಲರಿಗಿಂತ ಜೋರಾಗಿ ನಕ್ಕವನು. ಅದಕ್ಕೂ ಕಾಯಿಲೆಗೂ ಸಂಬಂಧ ಇದೆ ಅಂತ ಹೇಳಲು ನಾನು ಡಾಕ್ಟರ್ ಅಲ್ಲ. ಅವತ್ತು ಮನಸ್ಸಿಗೆ ಬಂದಿದ್ದು ಮಾತ್ರ ಅದೇ.

ಮಿಸ್ಸಿಸಾಗಾ_ಮಂಜ:
ಆ ಸುದ್ದಿ ಬಂದಾಗ ಇಲ್ಲೂ ತುಂಬಾ ಜನ ಬರೆದಿದ್ದರು. ನಾನು ಏನೂ ಬರೆಯಲಿಲ್ಲ. ಅವತ್ತು ನನ್ನ ಹೆಂಡತಿ "ಅವನು ಆ ಹಣ್ಣಿನವನಲ್ವಾ" ಅಂದಳು, ಹೌದು ಅಂದೆ, ಅಷ್ಟೆ.

ಹೊಸಬ_ಹಾಸನ:
ಅಲ್ಲಿಗೆ ಮುಗಿಯಿತಾ?

ಹಳೇ_ಹುಲಿ:
ಎಲ್ಲಿ ಮುಗಿಯುತ್ತದೆ! 2019ರಲ್ಲಿ ತೈವಾನ್‌ನ ವೈ ಚುವಾನ್ ಡ್ರ್ಯಾಗನ್ಸ್ ತಂಡದಲ್ಲಿ ಪ್ರತ್ಯಕ್ಷ ಆದ, ಕೋಚ್ ಕೆಲಸವೂ ಆಟವೂ. 2020ರ ಸೆಪ್ಟೆಂಬರ್‌ನಲ್ಲಿ ಜಪಾನಿಗೆ ಬಂದು ತೊಚಿಗಿ ಗೋಲ್ಡನ್ ಬ್ರೇವ್ಸ್ ಸೇರಿದ. ಅದು ಬಿ.ಸಿ. ಲೀಗ್ ಅಂತ, ದೊಡ್ಡ ಲೀಗ್‌ಗಳ ಹೊರಗಿನದು. ಸಣ್ಣ ಊರು, ಸಣ್ಣ ಮೈದಾನ, ಸಣ್ಣ ಸಂಬಳ. ಡ್ರಾಫ್ಟ್ ಆಗದ ಹುಡುಗರು ಒಂದು ಕಡೆ, ಇನ್ನೂ ಬಿಡಲಾಗದ ಹಳಬರು ಇನ್ನೊಂದು ಕಡೆ.

ಆಗ ಅದೇ ತಂಡದಲ್ಲಿ ಇನ್ನೊಬ್ಬ ಹಳಬ ಇದ್ದ. ಊಹಿಸಿ.

ಹೊಸಬ_ಹಾಸನ:
ಇಚಿರೊ ಅಂತೂ ಅಲ್ಲ.

ಹಳೇ_ಹುಲಿ:
ನಿಶಿಯೋಕಾ. ಕಾಲು ಮುರಿದುಕೊಂಡ ನಿಶಿಯೋಕಾ. 2006ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಎರಡನೇ ಬೇಸ್‌ನ ಎರಡು ಪಕ್ಕ ನಿಂತಿದ್ದ ಅದೇ ಇಬ್ಬರು, ಹದಿನಾಲ್ಕು ವರ್ಷದ ಮೇಲೆ ತೊಚಿಗಿಯಲ್ಲಿ ಒಂದೇ ಬಟ್ಟೆಯಲ್ಲಿ. ಒಬ್ಬನಿಗೆ ಅಮೆರಿಕ ಒಂದೇ ವಾರದಲ್ಲಿ ಮುರಿಯಿತು, ಇನ್ನೊಬ್ಬನಿಗೆ ನಿಧಾನಕ್ಕೆ.

ಲೆಕ್ಕದ_ಮಾಸ್ತರ್:
ಈ ಲೀಗ್‌ನ ಅಂಕಿ ನಾನು ನೋಡಿಲ್ಲ. ನೋಡುವುದೂ ಇಲ್ಲ. ಇದಕ್ಕೆ ಲೆಕ್ಕ ಬೇಡ.

ಮಿಸ್ಸಿಸಾಗಾ_ಮಂಜ:
ಅಯ್ಯೋ, ಮಾಸ್ತರ್ ಬಾಯಲ್ಲಿ ಈ ಮಾತು! ದಿನಾಂಕ ಬರೆದಿಟ್ಟುಕೊಳ್ಳಿ ಯಾರಾದರೂ.

ಫುಕುವೋಕಾ_ಫಣಿ:
ನಾನು ಒಂದು ಸಲ ಟೋಕಿಯೊಗೆ ಕೆಲಸಕ್ಕೆ ಹೋದಾಗ ಒಯಾಮಾ ತನಕ ಹೋಗಿ ನೋಡಿ ಬಂದೆ. ತೊಚಿಗಿ ತಂಡದ ಊರು ಅದೇ, ಟೋಕಿಯೊದಿಂದ ಶಿಂಕನ್‌ಸೆನ್‌ನಲ್ಲಿ ಮುಕ್ಕಾಲು ಗಂಟೆಯೊಳಗೆ. ತಂತಿ ಬೇಲಿಗೆ ಮೂಗು ತಾಗಿಸಿ ನಿಂತರೆ ಆಟಗಾರರ ಉಸಿರು ಕೇಳುವಷ್ಟು ಹತ್ತಿರ. ಪಂದ್ಯಕ್ಕೆ ಮುಂಚೆ ಒಬ್ಬ ಕೋಚ್ ನೆಲಕ್ಕೆ ಬಾಲ್ ಹೊಡೆಯುತ್ತಿದ್ದ, ಕವಾಸಾಕಿ ಹಿಡಿಯುತ್ತಿದ್ದ. ಎಡಗಾಲು ಮುಂದೆ, ಸೊಂಟ ಕೆಳಗೆ, ಗ್ಲೋವ್ ನೆಲಕ್ಕೆ ಉಜ್ಜಿಕೊಂಡು, ಬಲಗೈ ಮೇಲಿಂದ ಮುಚ್ಚಳದ ಹಾಗೆ. ಎರಡು ಕೈ. ಅಮೆರಿಕದಲ್ಲಿ ಐದು ವರ್ಷ ಇದ್ದು ಬಂದವನು ಮತ್ತೆ ಶಾಲೆಯಲ್ಲಿ ಕಲಿಸಿದ ಹಾಗೇ ಹಿಡಿಯುತ್ತಿದ್ದ. ಪಕ್ಕದಲ್ಲಿದ್ದ ಇಪ್ಪತ್ತರ ಹುಡುಗ ಒಂದನ್ನು ಬಿಟ್ಟಾಗ, ಇವನು ಏನೋ ಹೇಳಿದ, ಹುಡುಗ ನಕ್ಕ. ನನಗೆ ಕೇಳಿಸಲಿಲ್ಲ.

ಹೊಸಬ_ಹಾಸನ:
ಎಲ್ಲರಿಗೂ ತುಂಬಾ ಧನ್ಯವಾದ. ಈ ಮಧ್ಯೆ 2006ರ ಆ ಜಾರಾಟದ ವಿಡಿಯೋ ಹುಡುಕಿ ಎಂಟು ಸಲ ನೋಡಿದೆ. ಒಂದು ಅನುಮಾನ. ಕ್ಯಾಚರ್ ಕಾಲು ಪೂರ್ತಿ ಅಡ್ಡ ಇದೆ, ಕೈ ಒಳಗೆ ಹೋಗಲು ಜಾಗವೇ ಕಾಣಲ್ಲ. ನಿಜವಾಗಲೂ ಮುಟ್ಟಿದನಾ?

ಹಳೇ_ಹುಲಿ:
ನಿಧಾನಗತಿಯಲ್ಲಿ ಹಾಕಿ ನೋಡಿ. ಕ್ಯಾಚರ್ ಮುಖ ನೋಡಬೇಡಿ, ಅಂಪೈರ್‌ನನ್ನೂ ನೋಡಬೇಡಿ. ಬೆರಳು ನೋಡಿ.

ಹೊಸಬ_ಹಾಸನ:
ಕಂಡಿತು!